ಹನ್ನೆರಡನೆಯದು ಊರಿಗೆ

ಗಫೂರ್ ಸಾಬರು ನೆಲ ನೋಡಿಕೊಂಡು ನಡೆದದ್ದನ್ನು ನಾನು ಹತ್ತು ವರ್ಷದಲ್ಲಿ ಒಮ್ಮೆಯೂ ಕಂಡಿರಲಿಲ್ಲ. ಚಿಕ್ಕಬಳ್ಳಾಪುರದ ಬಸ್ ನಿಲ್ದಾಣದಲ್ಲಿ ಇಳಿದವರೇ ಮೇಲೆ ನೋಡುತ್ತಾ ಬರುತ್ತಿದ್ದರು. ಅಂಗಡಿಗಳ ಸೂರು, ಗೋಡೆಯ ಗವಾಕ್ಷಿ, ಲೈಟುಕಂಬದ ತುದಿ, ಹೋಟೆಲಿನ ಹೊಗೆಗೂಡು, ಹೀಗೆ ಒಂದನ್ನೂ ಬಿಡದೆ ನೋಡಬೇಕು. ಅದಕ್ಕೇ ಅವರ ಬಲಗಾಲಿನ ಹೆಬ್ಬೆರಳಿಗೆ ಸದಾ ಒಂದು ಬಟ್ಟೆಪಟ್ಟಿ ಇರುತ್ತಿತ್ತು. ಎಡವಿದ ಕಲ್ಲನ್ನು ಅವರು ಬೈಯುತ್ತಿರಲಿಲ್ಲ, ಮುಂದಿನ ವಾರ ಅದೇ ಕಲ್ಲನ್ನು ಬಿಟ್ಟು ನಡೆಯುತ್ತಲೂ ಇರಲಿಲ್ಲ. ತಲೆ ಬಗ್ಗಿಸುತ್ತಿದ್ದದ್ದು ಫೋಟೋ ತೆಗೆಯುವಾಗ ಮಾತ್ರ. ಅವರದು ಹಳೇ ಕಾಲದ ಪೆಟ್ಟಿಗೆ ಕ್ಯಾಮೆರಾ, ಮುಂದುಗಡೆ ಒಂದರ ಮೇಲೊಂದು ಎರಡು ಕಣ್ಣು. ಹೊಟ್ಟೆಯ ಹತ್ತಿರ ಹಿಡಿದುಕೊಂಡು, ಮೇಲುಗಡೆಯ ಗಾಜಿನಲ್ಲಿ ಬಗ್ಗಿ ನೋಡಬೇಕು.

"ಮೇಲೆ ಇರೋರ್ನ ಹಿಡೀಬೇಕಾದ್ರೆ ನಾವು ತಲೆ ಬಗ್ಗಿಸ್ಬೇಕು ಸ್ವಾಮಿ" ಎನ್ನುತ್ತಿದ್ದರು.

ಅವರ ಮೇಲೆ ನನಗೆ ಹೊಟ್ಟೆಕಿಚ್ಚಿತ್ತು. ಇಂಥ ಬರಹವನ್ನು ಗೌರವ, ಅಭಿಮಾನ ಎಂದೆಲ್ಲ ಶುರುಮಾಡುವುದು ರೂಢಿ. ಅವು ಇರಲಿಲ್ಲ ಎನ್ನುವುದಿಲ್ಲ. ಆದರೆ ನನ್ನನ್ನು ವರ್ಷಗಟ್ಟಲೆ ಬೇಯಿಸಿದ್ದು ಹೊಟ್ಟೆಕಿಚ್ಚೇ. ಅದನ್ನು ಬಿಟ್ಟು ಬರೆದರೆ ಅವರ ಈ ಚಿತ್ರದ ಮೇಲೂ ನಾನು ಪೆನ್ಸಿಲ್ ಆಡಿಸಿದಂತಾಗುತ್ತದೆ.

ಪೆನ್ಸಿಲ್ ಆಡಿಸುವುದು ನನ್ನ ಕಸುಬು. ನನ್ನದು ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಅಪ್ಪನ ಕಾಲದಿಂದ ಬಂದ ಒಂದು ಸ್ಟುಡಿಯೋ. ಕೆಳಗೆ ದೀಪಗಳ ಕೋಣೆ, ಅದರ ಹಿಂದೆ ಕತ್ತಲೆ ಕೋಣೆ, ಮಹಡಿಯ ಮೇಲೆ ಸಂಸಾರ. ದೀಪಗಳ ಕೋಣೆಯಲ್ಲಿ ಒಂದು ಪರದೆ, ಅದರಲ್ಲಿ ಕೊಳ, ಮೆಟ್ಟಿಲು, ಎರಡು ಹಂಸ. ಹಂಸವನ್ನು ನಾನಾಗಲಿ ಅದನ್ನು ಬರೆದ ಪೇಂಟರ್ ಆಗಲಿ ಕಂಡವರಲ್ಲ. ಬಾತುಕೋಳಿಯ ಕತ್ತು ಹಿಡಿದೆಳೆದಂತಿದ್ದವು. ಆದರೂ ನಮ್ಮ ಸುತ್ತಿನ ಎಷ್ಟೋ ಗಂಡಹೆಂಡಿರು ಆ ಹಂಸಗಳ ಮುಂದೆ ಕೂತೇ ಸಂಸಾರ ಶುರುಮಾಡಿದ್ದಾರೆ. ಫಿಲಂ ತೊಳೆದು ನೆಗೆಟಿವ್ ಆದಮೇಲೆ ಅದರ ಮೇಲೆ ಸಣ್ಣ ಪೆನ್ಸಿಲ್‌ನಿಂದ ಮುಖದ ಕಲೆ, ಸುಕ್ಕು, ಸಿಡುಬಿನ ಗುಳಿ ಅಳಿಸಿ ತಿದ್ದುವುದರಲ್ಲಿ ನಾನು ಎತ್ತಿದ ಕೈ. ಅಪ್ಪನೇ ಒಪ್ಪಿಕೊಂಡ ಮಾತು ಇದು, ಅವರು ಯಾವುದನ್ನೂ ಸುಲಭವಾಗಿ ಒಪ್ಪುವವರಲ್ಲ.

ಗಫೂರ್ ಸಾಬರು ಎಂಬತ್ತರ ದಶಕದ ನಡುವೆ ಒಂದು ಶನಿವಾರ ನನ್ನ ಬಾಗಿಲಿಗೆ ಬಂದರು. ಶಿಡ್ಲಘಟ್ಟದವರು. ಮನೆತನದ ಕಸುಬು ಹುಳುವಿನ ಗೂಡಿನಿಂದ ರೇಷ್ಮೆ ಎಳೆ ಬಿಚ್ಚುವುದು. ಅದನ್ನು ತಮ್ಮನಿಗೆ ಬಿಟ್ಟು ಇವರು ಕ್ಯಾಮೆರಾ ಹೆಗಲಿಗೆ ಹಾಕಿಕೊಂಡಿದ್ದರು. ಸೋಮವಾರ ಗೌರಿಬಿದನೂರು, ಮಂಗಳವಾರ ಮಂಚೇನಹಳ್ಳಿ, ಬುಧವಾರ ಚಿಂತಾಮಣಿ, ಗುರುವಾರ ತಮ್ಮದೇ ಶಿಡ್ಲಘಟ್ಟ. ಶಾಲೆಯ ಗುಂಪುಚಿತ್ರ, ಹೆಣ್ಣು ತೋರಿಸುವ ಚಿತ್ರ, ಮದುವೆ, ನಾಮಕರಣ. ಫಿಲಂ ತೊಳೆಯಲು ಅವರಿಗೆ ಜಾಗವಿರಲಿಲ್ಲ. ವಾರದ ರೋಲುಗಳನ್ನೆಲ್ಲ ಶನಿವಾರ ನನ್ನಲ್ಲಿಗೆ ತರುತ್ತೇನೆ, ತೊಳೆದು ಪ್ರಿಂಟು ಹಾಕಿಕೊಡುತ್ತೀರಾ ಎಂದರು. ಒಪ್ಪಿಕೊಂಡೆ.

ಆ ಕ್ಯಾಮೆರಾದ ಒಂದು ರೋಲಿಗೆ ಹನ್ನೆರಡು ಚಿತ್ರ. ಮೊದಲ ವಾರ ತೊಳೆದು ನೋಡಿದರೆ ಪ್ರತಿ ರೋಲಿನಲ್ಲೂ ಹನ್ನೊಂದು ಮನುಷ್ಯರದ್ದು, ಕೊನೆಯದು ಮಾತ್ರ ಬೇರೆ. ಒಂದರಲ್ಲಿ ಗೌರಿಬಿದನೂರಿನ ರೈಲ್ವೆ ಪ್ಲಾಟ್‌ಫಾರಂ ದಾಟುತ್ತಿರುವ ಮುಂಗುಸಿ, ಬೆಂಚಿನ ಮೇಲೆ ಕೂತ ಪ್ರಯಾಣಿಕರ ಕಾಲುಗಳ ಸಾಲು. ಕೆಲಸಕ್ಕೆ ಹೊರಟ ಗುಮಾಸ್ತನ ಹಾಗಿತ್ತು ಆ ಮುಂಗುಸಿ. ಇನ್ನೊಂದರಲ್ಲಿ ಚಿಂತಾಮಣಿಯ ಮಾಂಸದಂಗಡಿಯ ತಗಡಿನ ಮೇಲೆ ಹದ್ದು, ಕೆಳಗೆ ಅದೇ ಭಂಗಿಯಲ್ಲಿ ಕತ್ತು ಚಾಚಿ ಕಾದಿರುವ ಗಿರಾಕಿ.

"ಇದೇನು ಸಾಬ್ರೆ, ಫಿಲಂ ದಂಡ" ಎಂದೆ.

"ಹನ್ನೊಂದು ಗಿರಾಕಿಗೆ, ಹನ್ನೆರಡನೇದು ಊರಿಗೆ" ಎಂದರು. "ಊರ್ನಾಗೆ ಇರೋರೆಲ್ಲಾ ಓಟು ಹಾಕೋರೇ ಏನು ಸ್ವಾಮಿ? ಇವ್ರೂ ನಮ್ಮಂಗೇ ಇಲ್ಲೇ ಹುಟ್ಟಿ ಇಲ್ಲೇ ತಿನ್ನೋರು. ಇವ್ರು ಸ್ಟುಡಿಯೋಗೆ ಬರಲ್ಲ, ಅದಕ್ಕೆ ನಾವೇ ಹೋಗ್ಬೇಕು."

ಆ ಹನ್ನೆರಡನೆಯದರ ವಿಷಯದಲ್ಲಿ ಅವರು ಯಾರ ಮಾತೂ ಕೇಳುತ್ತಿರಲಿಲ್ಲ. ಮಂಚೇನಹಳ್ಳಿಯಲ್ಲಿ ಒಬ್ಬ ದೊಡ್ಡ ಕುಳ, ತನ್ನ ಮಾವ ಊರಿಂದ ಬಂದಿದ್ದಾರೆ, ಇನ್ನೊಂದೇ ಒಂದು ಹೊಡೆಯಿರಿ ಎಂದು ಗೋಗರೆದನಂತೆ. ರೋಲಿನಲ್ಲಿ ಉಳಿದದ್ದು ಒಂದೇ. "ಅದು ಬುಕ್ ಆಗೈತೆ" ಎಂದು ಹೇಳಿ ಸಾಬರು ಅಲ್ಲಿಂದ ಹೊರಟುಬಿಟ್ಟರು. ಬುಕ್ ಮಾಡಿಸಿದ್ದು ಯಾರೆಂದರೆ, ಅಲ್ಲಿನ ಹೋಟೆಲಿನ ಗಡಿಯಾರದ ಹಿಂದೆ ಗೂಡು ಕಟ್ಟಿದ್ದ ಗುಬ್ಬಚ್ಚಿ.

ಪ್ರಾಣಿಗಳ ಮುಂದೆ ಅವರು ಗಿರಾಕಿಯ ಮುಂದೆ ಆಡುವ ಮಾತನ್ನೇ ಆಡುತ್ತಿದ್ದರು. ನಮ್ಮ ಬೀದಿಯ ಕ್ಷೌರದಂಗಡಿಯ ಕನ್ನಡಿಯೆದುರು ಒಂದು ಕೋತಿ ದಿನಾ ಬಂದು ಕೂರುತ್ತಿತ್ತು. ಸಾಬರು ಅಂಗಡಿಯ ಬಾಗಿಲಲ್ಲಿ ಕುಕ್ಕರುಗಾಲಿನಲ್ಲಿ ಕೂತು, "ಗದ್ದ ಸ್ವಲ್ಪ ಕೆಳಗೆ ತಗೋಳಪ್ಪ. ಹಾಂ. ಉಸಿರು ಬಿಡಬೇಡ" ಎಂದದ್ದನ್ನು ನಾನೇ ಕಂಡಿದ್ದೇನೆ. ಕೋತಿ ಗದ್ದ ಇಳಿಸಿತು. ನನ್ನ ಮುಂದೆ ಕೂತ ತಾಲ್ಲೂಕು ಕಚೇರಿಯ ಮನುಷ್ಯರೂ ಅಷ್ಟು ಸಲೀಸಾಗಿ ಇಳಿಸುತ್ತಿರಲಿಲ್ಲ.

ಇಷ್ಟೇ ಆಗಿದ್ದರೆ ನಾನೂ ನಕ್ಕು ಸುಮ್ಮನಿರುತ್ತಿದ್ದೆ. ಹೊಟ್ಟೆಗೆ ಕಿಚ್ಚು ಬಿದ್ದದ್ದು ರತ್ನಳಿಂದ. ರತ್ನ ನನ್ನ ಹೆಂಡತಿ. ಮದುವೆಯಾದ ಹೊಸದರಲ್ಲಿ ನಾನು ತಿದ್ದಿದ ಚಿತ್ರಗಳನ್ನು ಮಹಡಿಗೆ ಒಯ್ದು ತೋರಿಸುತ್ತಿದ್ದೆ. ಅವಳು ಬೇಳೆ ಆರಿಸುತ್ತಲೇ "ಚೆನ್ನಾಗಿದೆ" ಎನ್ನುತ್ತಿದ್ದಳು. ಅವಳ ಚೆನ್ನಾಗಿದೆ ಎಂಬ ಮಾತು ಸಾರಿಗೂ ಒಂದೇ, ಮಳೆಗೂ ಒಂದೇ, ನನ್ನ ಚಿತ್ರಕ್ಕೂ ಒಂದೇ. ಆದರೆ ಶನಿವಾರ ಮಧ್ಯಾಹ್ನವಾದರೆ ಕತ್ತಲೆ ಕೋಣೆಯ ಬಾಗಿಲ ಹೊರಗೆ ಅವಳ ಬಳೆಸದ್ದು. "ಹನ್ನೆರಡನೇದು ಏನು ಬಂತುರೀ?" ಒದ್ದೆ ಪ್ರಿಂಟನ್ನು ಎರಡು ಕೈಯಲ್ಲಿ ಹಿಡಿದು ಬಿಸಿಲಿಗೆ ಹೋಗಿ ನೋಡುತ್ತಿದ್ದಳು. ನಗುತ್ತಿದ್ದಳು. ಒಮ್ಮೆ ಶಿಡ್ಲಘಟ್ಟದ ರೇಷ್ಮೆ ಬಿಚ್ಚುವ ಶೆಡ್ಡುಗಳ ಹಿಂದೆ, ಬೇಯಿಸಿ ಎಸೆದ ಹುಳುಗಳ ರಾಶಿಯ ಸುತ್ತ ನಿಂತ ಬೆಳ್ಳಕ್ಕಿಗಳ ಚಿತ್ರ ಬಂದಿತ್ತು. ಅದನ್ನು ನೋಡಿ, "ಅಯ್ಯೋ, ಇವು ನಮ್ಮ ದೊಡ್ಡತ್ತೆ ಮನೆ ತಿಥಿಗೆ ಬಂದೋರ ತರಾನೇ ನಿಂತವೆ ಕಣ್ರೀ" ಎಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆ ನಗುವನ್ನು ನಾನು ಒಂದು ಸಲವೂ ಬರಿಸಿರಲಿಲ್ಲ. ಸಾಬರ ಮೇಲೆ ಇನ್ಯಾವ ಅನುಮಾನವೂ ನನಗಿರಲಿಲ್ಲ. ರತ್ನಳನ್ನು ಅವರು "ಅಮ್ಮಾ" ಎಂದೇ ಕರೆಯುತ್ತಿದ್ದದ್ದು, ಅವಳಿಗಿಂತ ಇಪ್ಪತ್ತು ವರ್ಷ ದೊಡ್ಡವರು. ಅವರಿಂದ ನನಗೆ ಬೇಕಿದ್ದದ್ದು ಆ ನಗು ಮಾತ್ರ.

ನನ್ನ ಕೈಕೆಲಸವನ್ನಂತೂ ಅವರು ಹತ್ತಿರ ಸೇರಿಸುತ್ತಿರಲಿಲ್ಲ. "ನಮ್ಮ ಗಿರಾಕಿ ಮುಖಕ್ಕೆ ಪೆನ್ಸಿಲ್ ಮುಟ್ಟಿಸ್ಬೇಡಿ" ಎಂದು ಮೊದಲ ದಿನವೇ ಹೇಳಿದ್ದರು. ಒಂದು ಸಲ ನಾನು ಕೇಳಲಿಲ್ಲ. ಚಿಂತಾಮಣಿಯ ಒಂದು ಹುಡುಗಿಯ ಚಿತ್ರ, ಹೆಣ್ಣು ತೋರಿಸಲು ತೆಗೆಸಿದ್ದು. ಎಡಗೆನ್ನೆಯ ಮೇಲೆ ದೊಡ್ಡ ಮಚ್ಚೆ. ಪಾಪ ಎಂದು ಅಳಿಸಿದೆ. ಗಂಡಿನ ಕಡೆಯವರು ಆಂಧ್ರದ ಗಡಿಯವರು, ಚಿತ್ರ ಒಪ್ಪಿ ಮನೆಗೆ ಬಂದರಂತೆ. ಹುಡುಗಿಯನ್ನು ಕಂಡದ್ದೇ ಗಂಡಿನ ಸೋದರತ್ತೆ, "ಫೋಟೋಲೋ ಅಮ್ಮಾಯಿ ಈಮೆ ಕಾದು", ಫೋಟೋದ ಹುಡುಗಿ ಇವಳಲ್ಲ, ಎಂದು ಎದ್ದು ನಿಂತಳು. ಫೋಟೋದಲ್ಲಿ ತಂಗಿಯನ್ನು ತೋರಿಸಿ ಅಕ್ಕನನ್ನು ಕಟ್ಟಲು ನೋಡುತ್ತಿದ್ದಾರೆ ಎಂದು ಗಲಾಟೆಯಾಯಿತು. ಹುಡುಗಿಗೆ ತಂಗಿಯೇ ಇರಲಿಲ್ಲ. ಬೈಗುಳವೆಲ್ಲ ಸಾಬರ ಪಾಲಿಗೆ.

ಅವರು ಬಂದು ನನ್ನ ಮೇಜಿನ ಮುಂದೆ ನಿಂತರು. ಕೂಗಾಡಲಿಲ್ಲ. "ಆ ಮಗೂದು ಮಚ್ಚೆ ವಾಪಸ್ ಕೊಡಿ ಸ್ವಾಮಿ" ಎಂದರು.

ಕೊಟ್ಟೆ. ಮಚ್ಚೆಯಂಥ ಕಪ್ಪನ್ನು ಅಳಿಸುವುದು ಪೆನ್ಸಿಲ್ ಕೆಲಸ, ಒದ್ದೆ ಹತ್ತಿಯಲ್ಲಿ ಒರೆಸಿದರೆ ಹೋಗುತ್ತದೆ, ಮಚ್ಚೆ ಇದ್ದಲ್ಲಿಗೇ ಬರುತ್ತದೆ. ಬಿಳಿಯದನ್ನು ಅಳಿಸಬೇಕಾದರೆ ಮಾತ್ರ ಚಾಕು ಬೇಕು. ಚಾಕುವಿನಲ್ಲಿ ಕೆರೆದದ್ದು ಮತ್ತೆ ಬರುವುದಿಲ್ಲ. ಹೊಸ ಪ್ರಿಂಟು ನೋಡಿ ಗಂಡಿನವರಿಗೆ ಸಮಾಧಾನವಾಯಿತು, ಮದುವೆಯೂ ಆಯಿತು. ಮದುವೆಯ ಚಿತ್ರಗಳಲ್ಲಿ ಆ ಹುಡುಗಿ ಎಡಗೆನ್ನೆಯನ್ನೇ ಕ್ಯಾಮೆರಾಕ್ಕೆ ಕೊಟ್ಟು ಕೂತಿದ್ದಾಳೆ. ನನಗೆ ಅದೂ ಚುಚ್ಚಿತು.

ಕೊನೆಗೆ ನಾನೂ ಒಂದು ಕೈ ನೋಡೋಣವೆಂದು ಹೊರಟೆ. ಯಾರಿಗೂ ಹೇಳದೆ ಅಂಗಡಿಗೆ ಬೀಗ ಹಾಕಿ, ಅಂಥದ್ದೇ ಕ್ಯಾಮೆರಾ ಎರವಲು ತಂದು, ನಂದಿಯ ರೈಲ್ವೆ ನಿಲ್ದಾಣಕ್ಕೆ ಹೋಗಿ ಅಲ್ಲಿನ ಕೋತಿಗಳ ಮೇಲೆ ಇಡೀ ರೋಲು ಸುರಿದೆ. ಮನೆಗೆ ಬಂದು ತೊಳೆದರೆ ನಿಲ್ದಾಣದ ಫಲಕ ಸ್ಪಷ್ಟವಾಗಿತ್ತು, ಮರ ಸ್ಪಷ್ಟವಾಗಿತ್ತು, ಒಂದರಲ್ಲಿ ಅರ್ಧ ಬಾಲವಿತ್ತು. ರತ್ನ ಹನ್ನೆರಡನ್ನೂ ಬಿಸಿಲಿಗೆ ಹಿಡಿದು ನೋಡಿ, "ಎಲ್ಲಾ ಚೆನ್ನಾಗಿದೆ. ಕೋತಿ ಎಲ್ಲಿ?" ಎಂದಳು. ಅವಳು ಚುಡಾಯಿಸಲೆಂದು ಹೇಳಿದ್ದಲ್ಲ, ನಿಜವಾಗಿಯೇ ಹುಡುಕುತ್ತಿದ್ದಳು. ಆ ದಿನ ನಾನು ಊಟ ಬಿಟ್ಟೆ.

ಹೀಗಿರುವಾಗ ಆ ಗೂಬೆ ಬಂತು.

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯ ದೊಡ್ಡ ಹಜಾರದಲ್ಲಿ, ಎತ್ತರದ ಗವಾಕ್ಷಿಯಲ್ಲಿ, ಒಂದು ಬಿಳಿ ಮುಖದ ಗೂಬೆ ಇದೆಯೆಂದು ಸಾಬರು ತಿಂಗಳಿಂದ ಹೇಳುತ್ತಿದ್ದರು. ಅಪಶಕುನ ಎಂದು ಓಡಿಸಲು ಬಂದವರಿಗೆ, "ನಿಮ್ಮ ಗೂಡು ತಿನ್ನೋ ಇಲಿನ ಅದು ತಿಂತದೆ, ಸಂಬಳ ಇಲ್ಲದ ವಾಚ್‌ಮನ್" ಎಂದು ಹೇಳಿ ತಡೆದಿದ್ದರಂತೆ. ಬೆಳಿಗ್ಗೆ ಹರಾಜಿನ ಹೊತ್ತಿಗೆ ಅದರ ಮೇಲೆ ಒಂದು ಕೋಲು ಬಿಸಿಲು ಬೀಳುತ್ತದೆ, ಮೋಡವಿಲ್ಲದ ಗುರುವಾರ ಬೇಕು ಎಂದು ಕಾಯುತ್ತಿದ್ದರು. ಆ ಶನಿವಾರ ರೋಲು ಕೊಡುವಾಗ, ತನ್ನ ಚಿತ್ರವನ್ನು ಎಂದೂ ಹೊಗಳಿಕೊಳ್ಳದ ಮನುಷ್ಯ, "ಅಮ್ಮಂಗೆ ಹೇಳಿ, ಈ ಸಲ ವಿಶೇಷ ಐತೆ ಅಂತ" ಎಂದರು. ಪ್ರಿಂಟಿಗೆ ಮುಂದಿನ ವಾರ ಬರುತ್ತೇನೆಂದು ಹೋದರು.

ಕತ್ತಲೆ ಕೋಣೆಯಲ್ಲಿ ಅದು ತಟ್ಟೆಯ ನೀರಿನಡಿ ಮೆಲ್ಲಗೆ ಮೂಡಿತು. ಕೆಳಗೆ ನೂರಾರು ತಲೆ, ಬಾಯಿ ತೆರೆದು ಕೂಗುವವರು, ಗೂಡು ತುಂಬಿದ ಜಾಲರಿಗಳು, ಎತ್ತಿದ ಕೈಗಳು. ಅವೆಲ್ಲಕ್ಕೂ ಮೇಲೆ ಕಪ್ಪು ಗವಾಕ್ಷಿಯಲ್ಲಿ, ಕಬ್ಬಿಣದ ಸಲಾಕೆಯ ಮೇಲೆ, ಆ ಬಿಳಿ ಮುಖ. ಕಣ್ಣು ಮುಚ್ಚಿ ನಿದ್ದೆ ಮಾಡುತ್ತಿತ್ತು. ಇಡೀ ಮಾರುಕಟ್ಟೆಯ ಗದ್ದಲ ಕೇಳಿಸುವಂತಿತ್ತು, ಅದೊಂದಕ್ಕೆ ಮಾತ್ರ ಕೇಳಿಸುತ್ತಿರಲಿಲ್ಲ. ನಾನು ಕಸುಬಿನವನು, ನನಗೆ ಗೊತ್ತಾಗುತ್ತದೆ. ನನ್ನ ಅಪ್ಪನಾಗಲಿ ನಾನಾಗಲಿ ಎರಡು ತಲೆಮಾರಿನಲ್ಲಿ ತೆಗೆದ ಯಾವ ಚಿತ್ರವೂ ಅದರ ಕಾಲಬುಡಕ್ಕೆ ಬರುವಂಥದ್ದಲ್ಲ. ಹೊರಗೆ ಬಳೆಸದ್ದಾಯಿತು. "ಏನು ಬಂತುರೀ?"

"ಇನ್ನೂ ಆಗಿಲ್ಲ, ನಾಳೆ" ಎಂದೆ.

ಮರುದಿನ ಬೆಳಿಗ್ಗೆ, ರತ್ನ ನೀರು ಹಿಡಿಯಲು ಹೋದಾಗ, ನೆಗೆಟಿವನ್ನು ದೀಪದ ಗಾಜಿನ ಮೇಲಿಟ್ಟು ಚಾಕುವಿನಲ್ಲಿ ಗೂಬೆಯನ್ನು ಕೆರೆದೆ. ನೆಗೆಟಿವ್‌ನಲ್ಲಿ ಬಿಳಿಯದು ಕಪ್ಪಾಗಿರುತ್ತದೆ, ಆ ಕಪ್ಪನ್ನು ಪದರಪದರವಾಗಿ ತೆಗೆದರೆ ಪ್ರಿಂಟಿನಲ್ಲಿ ಅಲ್ಲಿ ಬರೀ ಕತ್ತಲು ಉಳಿಯುತ್ತದೆ. ಅರ್ಧ ಗಂಟೆಯ ಕೆಲಸ. ಗೂಬೆಯ ಚಿತ್ರ ಮನೆಯಲ್ಲಿದ್ದರೆ ಕೇಡು ಎಂದು ಮನಸ್ಸಿಗೆ ಒಂದು ನೆಪವನ್ನೂ ಕೊಟ್ಟುಕೊಂಡೆ. ಮೊದಲು ಹಾಕಿದ್ದ ಪ್ರಿಂಟನ್ನು ಒಲೆಗೆ ಹಾಕಿ, ಹೊಸದನ್ನು ತೆಗೆದೆ. ಮಾರುಕಟ್ಟೆ ಇತ್ತು, ಗವಾಕ್ಷಿ ಇತ್ತು, ಸಲಾಕೆ ಇತ್ತು.

ಮುಂದಿನ ಶನಿವಾರ ಸಾಬರು ಆ ಪ್ರಿಂಟನ್ನು ಬಹಳ ಹೊತ್ತು ಹಿಡಿದುಕೊಂಡು ನಿಂತರು. "ಇತ್ತಲ್ಲ ಸ್ವಾಮಿ" ಎಂದರು. "ಬಟನ್ ಒತ್ತಿದ ಮೇಲೂ ಗಾಜ್ನಾಗೆ ಇತ್ತು."

"ಹಾರಿದ ಮೇಲೆ ಒತ್ತಿದ್ದೀರಿ ಸಾಬ್ರೆ. ವಯಸ್ಸಾದ ಮೇಲೆ ಹಾಗೇ. ಕಣ್ಣು ಹಳೇದನ್ನೇ ತೋರಿಸ್ತಿರುತ್ತೆ, ಕೈ ಹಿಂದೆ ಬೀಳುತ್ತೆ" ಎಂದೆ.

ಗೂಬೆಯನ್ನು ಗವಾಕ್ಷಿಯಿಂದ ಕಿತ್ತು ಅವರ ತಲೆಯ ಮೇಲೇ ಕೂರಿಸಿದ್ದೆ. ಅವರು ನನ್ನ ಮುಖ ನೋಡಿದರು, ಅನುಮಾನದಿಂದಲ್ಲ, ಡಾಕ್ಟರ ಮುಖ ನೋಡುವಂತೆ. ನೆಗೆಟಿವ್ ತೋರಿಸಿ ಎಂದು ಕೇಳಿದ್ದರೆ ನನ್ನ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಕೇಳಲಿಲ್ಲ. ಅವರ ಹನ್ನೆರಡನೆಯ ನೆಗೆಟಿವ್‌ಗಳೆಲ್ಲ ನನ್ನ ಬಳಿಯೇ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿರುತ್ತಿದ್ದವು. "ನಾನು ಬಸ್ಸಲ್ಲಿ ಓಡಾಡೋ ಮನುಷ್ಯ, ನಿಮ್ಮತ್ರ ಭದ್ರ" ಎಂದು ಅವರೇ ಇಟ್ಟಿದ್ದರು.

ರತ್ನ ಆ ಪ್ರಿಂಟು ನೋಡಿದಳು. "ಪಾಪ, ಸಾಬ್ರಿಗೂ ವಯಸ್ಸಾಯ್ತು" ಎಂದು ನನ್ನ ಕೈಗೆ ಕೊಟ್ಟು ಮಹಡಿ ಹತ್ತಿದಳು. ನಾನು ಗೆದ್ದಿದ್ದೆ. ಗೆದ್ದ ಸಂತೋಷ ಬರಲಿ ಎಂದು ಒಂದೆರಡು ದಿನ ಕಾದೆ, ಬರಲಿಲ್ಲ.

ಆಮೇಲಿನ ರೋಲುಗಳಲ್ಲಿ ಹನ್ನೆರಡೂ ಮನುಷ್ಯರೇ. ನಾನು ಒಂದು ಸಲ, "ಊರಿಗೆ ಏನೂ ಇಲ್ವಾ ಸಾಬ್ರೆ?" ಎಂದು ಕೇಳಿದೆ. "ಬಿಡಿ ಸ್ವಾಮಿ, ಕೂತು ಮಾತು ಕೇಳೋರ್ನ ತೆಗೆದ್ರೆ ಸಾಕು. ಹಾರೋರು ಇನ್ನು ನನ್ನ ಕೈಗೆ ಸಿಗಲ್ಲ" ಎಂದರು. ಒಂದು ವರ್ಷದೊಳಗೆ ಅವರು ಶನಿವಾರ ಬರುವುದೂ ನಿಂತಿತು. ಕಲರ್ ಬಂದಿತ್ತು, ಒಂದು ರೋಲಿಗೆ ಮೂವತ್ತಾರು ಚಿತ್ರ, ತೊಳೆಯಲು ಬೆಂಗಳೂರಿಗೆ ಕಳಿಸಬೇಕು. ಕಾಲ ಬದಲಾಯಿತು, ಅದಕ್ಕೇ ಬಿಟ್ಟರು ಎಂದು ನಾನು ಎಲ್ಲರಿಗೂ ಹೇಳಿದೆ. ರತ್ನ ಬಹಳ ದಿನ ಶನಿವಾರ ಮಧ್ಯಾಹ್ನ ಕೆಳಗಿಳಿದು ಬರುತ್ತಿದ್ದಳು. ಬಾಗಿಲ ಬಳಿ ನಿಂತು, ಏನೂ ಕೇಳದೆ ಹೋಗುತ್ತಿದ್ದಳು. ಅವಳ ನಗು ನನ್ನ ಕಡೆಗೇನೂ ತಿರುಗಲಿಲ್ಲ. ಇದ್ದದ್ದೂ ಮನೆಯಿಂದ ಹೋಯಿತು, ಅಷ್ಟೇ.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ನಾನೂ ಕತ್ತಲೆ ಕೋಣೆ ಮುಚ್ಚಿದೆ. ಸಾಮಾನು ತೆಗೆಯುವಾಗ ಬಿಸ್ಕತ್ತಿನ ಡಬ್ಬಿ ಸಿಕ್ಕಿತು. "ಅವರದ್ದು ಅವರಿಗೆ ಕೊಟ್ಟು ಬನ್ನಿ" ಎಂದಳು ರತ್ನ. ನಾನೇ ಅಡಗಿಸಿಟ್ಟಿದ್ದ ಗೂಬೆಯ ನೆಗೆಟಿವ್ ಎಲ್ಲಕ್ಕಿಂತ ಕೆಳಗಿತ್ತು. ಶಿಡ್ಲಘಟ್ಟದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ಅದೊಂದನ್ನು ಹೊರಗೆ ಎಸೆದುಬಿಡಲೇ ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಎರಡು ಸಲ ಕೈಗೆ ತೆಗೆದುಕೊಂಡೆ. ಯಾಕೋ ಎಸೆಯಲಾಗಲಿಲ್ಲ.

ಸಾಬರು ತಮ್ಮನ ಶೆಡ್ಡಿನಲ್ಲಿ, ಕುದಿಯುವ ನೀರಿನ ತೊಟ್ಟಿಯ ಮುಂದೆ ಕೂತು ರೇಷ್ಮೆ ಬಿಚ್ಚುತ್ತಿದ್ದರು. ಬೆಂದ ಗೂಡಿನಿಂದ ಎಳೆಯ ತುದಿ ಹುಡುಕಿ, ಇನ್ನೊಂದು ಎಳೆಗೆ ಸೇರಿಸಬೇಕು. ನಾನು ಪಕ್ಕದಲ್ಲೇ ನಿಂತು ಕಣ್ಣು ಕಿರಿದು ಮಾಡಿಕೊಂಡು ನೋಡಿದರೂ ನನಗೆ ಎಳೆ ಕಾಣಲಿಲ್ಲ. ಹಬೆಯಲ್ಲಿ ಅವರ ಬೆರಳು ಹೋಗುತ್ತಿತ್ತು, ತುದಿ ಹಿಡಿಯುತ್ತಿತ್ತು, ಸೇರಿಸುತ್ತಿತ್ತು. ಒಂದು ಸಲವೂ ತಪ್ಪಲಿಲ್ಲ. ಕನ್ನಡಕವೂ ಇರಲಿಲ್ಲ.

"ಬನ್ನಿ ಬನ್ನಿ ಸ್ವಾಮಿ" ಎಂದು ಎದ್ದು ಕೈ ಒರೆಸಿಕೊಂಡರು. "ಅಮ್ಮ ಚೆನ್ನಾಗವ್ರಾ? ನೀವು ಅವತ್ತು ಹೇಳಿದ್ದು ಒಳ್ಳೇದೇ ಆಯ್ತು. ಕಣ್ಣು ಕೈ ಎರಡೂ ಕೈಕೊಟ್ಟ ಮೇಲೆ ಕ್ಯಾಮೆರಾ ಹಿಡ್ಕೊಂಡು ಓಡಾಡಿದ್ರೆ ನಗೆಪಾಟ್ಲು. ಕೊಟ್ಬಿಟ್ಟೆ ಅದ್ನ, ಚಿಂತಾಮಣಿ ಕಡೆಯೋರಿಗೆ."

ನಾನು ಮೊದಲಿಗೆ ಡಬ್ಬಿಯನ್ನು ಕೊಡಲಿಲ್ಲ. ಅಡಿಯಿಂದ ಆ ಒಂದು ನೆಗೆಟಿವ್ ತೆಗೆದು ಕೊಟ್ಟೆ. ಅವರು ಅದನ್ನು ಬಾಗಿಲ ಬೆಳಕಿಗೆ ಎತ್ತಿ ಹಿಡಿದರು. ಓರೆ ಮಾಡಿ ನೋಡಿದರು. ಕೆರೆದ ಜಾಗ ಹಾಗೆ ಓರೆ ಹಿಡಿದಾಗ ಮಾತ್ರ ಮಿನುಗುತ್ತದೆ, ಕಸುಬು ಗೊತ್ತಿದ್ದವರಿಗೆ ಕಾಣುತ್ತದೆ.

"ಗೂಬೆ ಇತ್ತು" ಎಂದರು.

"ಇತ್ತು ಸಾಬ್ರೆ."

"ನಾನು ಒತ್ತಿದಾಗ ಇತ್ತು."

"ಇತ್ತು. ಇದನ್ನ ವಾಪಸ್ ಕೊಡೋಕಾಗಲ್ಲ."

ಬೈಯುತ್ತಾರೆ ಎಂದು ತಲೆ ತಗ್ಗಿಸಿ ನಿಂತೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವರು ಇನ್ನೂ ನೆಗೆಟಿವನ್ನೇ ನೋಡುತ್ತಿದ್ದರು, ಹಿಂದೆ ರತ್ನ ಬಿಸಿಲಲ್ಲಿ ನಿಂತು ನೋಡುತ್ತಿದ್ದ ಹಾಗೆ.

"ಕೂತಿದ್ದ ಸಲಾಕೆ ಹಂಗೇ ಬಿಟ್ಟಿದೀರಿ" ಎಂದರು. "ಪಕ್ಕದ ಜೇಡರ ಬಲೆ ಕೂಡ. ಎಂಥಾ ಕೆಲಸ ಸ್ವಾಮಿ. ಕೈ ಒಂಚೂರೂ ನಡುಗಿಲ್ಲ."

ನನ್ನ ಕೈಕೆಲಸದ ಬಗ್ಗೆ ಅವರ ಬಾಯಿಂದ ಒಂದು ಒಳ್ಳೆಯ ಮಾತು ಬರಲಿ ಎಂದು ನಾನು ಅಷ್ಟು ವರ್ಷ ಕಾದಿದ್ದೆ. ಬಂದದ್ದು ಇದೊಂದಕ್ಕೆ. ಅದರಲ್ಲಿ ವ್ಯಂಗ್ಯ ಇತ್ತೇ ಎಂದು ಅವರ ಮುಖ ನೋಡಿದೆ, ಇರಲಿಲ್ಲ. ಕಸುಬಿನವನೊಬ್ಬ ಇನ್ನೊಬ್ಬ ಕಸುಬಿನವನಿಗೆ ಹೇಳಿದ ಮಾತು ಅದು. ಆ ಗಳಿಗೆಯಲ್ಲೂ ನನಗೆ ಅವರ ಮೇಲೆ ಹೊಟ್ಟೆಕಿಚ್ಚಾಯಿತು, ಅಂಥ ಮಾತು ಆಡಬಲ್ಲವರು ಅವರು, ನಾನಲ್ಲ ಎಂದು.

ಚಹಾ ಕುಡಿಸಿ, ಬಸ್ ನಿಲ್ದಾಣದವರೆಗೂ ಜೊತೆಗೆ ಬಂದರು. ಆಮೇಲೆ ನಾನು ಅವರನ್ನು ಕಾಣಲಿಲ್ಲ. ಎರಡು ವರ್ಷ ಕಳೆದು ಸುದ್ದಿ ಬಂದಾಗ ಮಣ್ಣು ಮಾಡಿ ವಾರವಾಗಿತ್ತು.

ಡಬ್ಬಿ ಕೊಟ್ಟ ಅವತ್ತು, ಇಬ್ಬರೂ ಬಸ್ ನಿಲ್ದಾಣಕ್ಕೆ ನಡೆಯುತ್ತಾ ಗೂಡಿನ ಮಾರುಕಟ್ಟೆಯ ಮುಂದೆ ಹಾದುಹೋಗುವಾಗ ನಾನು ಮೇಲೆ ನೋಡಿದೆ. ಗವಾಕ್ಷಿಗೆ ತಗಡು ಹೊಡೆದಿದ್ದರು, ಅದರ ಮೇಲೆ ಎರಡು ಹದ್ದು ಕೂತಿದ್ದವು. ಅವುಗಳನ್ನು ತೋರಿಸೋಣವೆಂದು ಪಕ್ಕಕ್ಕೆ ತಿರುಗಿದರೆ, ಸಾಬರು ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡು, ನೆಲ ನೋಡುತ್ತಾ ನಡೆಯುತ್ತಿದ್ದರು. ಬಲಗಾಲಿನ ಹೆಬ್ಬೆರಳಿಗೆ ಪಟ್ಟಿ ಇರಲಿಲ್ಲ, ಗಾಯ ಪೂರ್ತಿ ಮಾದು ಹೊಸ ಉಗುರು ಬಂದಿತ್ತು.

ನಾನು ಹದ್ದುಗಳ ಕಡೆಗೇ ನೋಡುತ್ತಾ ಎರಡು ಹೆಜ್ಜೆ ಹಾಕಿದೆ. ಅವರು ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದರು.

"ಕಲ್ಲೈತೆ, ನೋಡ್ಕೊಂಡು ನಡೀರಿ ಸ್ವಾಮಿ" ಎಂದರು.